ಮರುಭರ್ತಿ ಟ್ಯಾಂಕ್ ಸೋರುವುದೇಕೆ, ಕಾಯಿಲ್ ಸುಡುವುದೇಕೆ?

ಮತ್ತೆ ಮತ್ತೆ ತುಂಬಿಸಿಕೊಳ್ಳುವ ಇ-ಸಿಗರೇಟ್ ಟ್ಯಾಂಕ್‌ಗಳ ಬಗ್ಗೆ ಕೇಳಿಬರುವ ದೂರುಗಳು ಹೆಚ್ಚುಕಡಿಮೆ ಮೂರೇ. ಸೋರುತ್ತದೆ, ಎಳೆದಾಗ ಗೊಳಗೊಳ ಸದ್ದು ಬರುತ್ತದೆ, ಬಾಯಿಗೆ ಸುಟ್ಟ ರುಚಿ ಹತ್ತುತ್ತದೆ. ಟ್ಯಾಂಕೇ ಕೆಟ್ಟದ್ದು ಎಂದು ತೀರ್ಮಾನಿಸಿ ಹೊಸದು ತರುವ ಮೊದಲು ದ್ರವ, ಅದನ್ನು ಕಾಯಿಸಿ ಆವಿ ಮಾಡುವ ಕಾಯಿಲ್, ಗಾಳಿ ಈ ಮೂರನ್ನು ಪರೀಕ್ಷಿಸಬೇಕು. ಇವುಗಳಲ್ಲಿ ಒಂದು ಉಳಿದೆರಡಕ್ಕೆ ಹೊಂದದಿದ್ದರೆ ಎಷ್ಟು ದುಬಾರಿ ಟ್ಯಾಂಕ್ ಆದರೂ ಕಾಟ ಕೊಡುತ್ತದೆ.

ಧೂಮಪಾನದ ಅಭ್ಯಾಸವೇ ಇಲ್ಲದವರು, ಹದಿಹರೆಯದವರು, ಗರ್ಭಿಣಿಯರು ಇದರ ತಂಟೆಗೆ ಹೋಗಬಾರದು. ನಿಕೋಟಿನ್ ಚಟ ಹಿಡಿಸುವ ವಸ್ತು. ಹೊಗೆಯ ಬದಲು ಆವಿಯಾಗಿ ಒಳಗೆ ಹೋದರೂ ಆ ಗುಣ ಬದಲಾಗದು. ಕಾನೂನೂ ಎಲ್ಲ ಕಡೆ ಒಂದೇ ಅಲ್ಲ. ಭಾರತದಲ್ಲಿ 2019ರ ಕಾಯ್ದೆ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತುಗಳನ್ನು ನಿಷೇಧಿಸಿದೆ. ಐರೋಪ್ಯ ಒಕ್ಕೂಟದಲ್ಲಿ ಮಾರಾಟಕ್ಕೆ ಅವಕಾಶವಿದ್ದರೂ ಟ್ಯಾಂಕ್ 2 ಮಿ.ಲೀ., ನಿಕೋಟಿನ್ ದ್ರವದ ಬಾಟಲಿ 10 ಮಿ.ಲೀ., ನಿಕೋಟಿನ್ ಪ್ರಮಾಣ ಮಿ.ಲೀ.ಗೆ 20 ಮಿ.ಗ್ರಾಂ ಮೀರುವಂತಿಲ್ಲ. ಬಳಕೆಗೆ ಅನುಮತಿ ಇರುವ ದೇಶಗಳಲ್ಲಿರುವ ವಯಸ್ಕ ಧೂಮಪಾನಿಗಳಿಗೆ ಮಾತ್ರ ಮುಂದಿನ ವಿವರ.

ಒಳಗೆ ಏನೇನಿದೆ

ಟ್ಯಾಂಕ್ ಬಿಚ್ಚಿದರೆ ಕೈಗೆ ಸಿಗುವುದು ಆರೇಳು ಭಾಗ: ಬಾಯಿಗಿಡುವ ಮೌತ್‌ಪೀಸ್, ಮೇಲಿನ ಮುಚ್ಚಳ, ಗಾಜಿನ ಕೊಳವೆ, ನಡುವೆ ಆವಿ ಮೇಲೇರುವ ಲೋಹದ ನಳಿಗೆ, ಕಾಯಿಲ್, ತಳ, ತಳದ ಸುತ್ತ ತಿರುಗುವ ಗಾಳಿಯ ಬಳೆ. ಕಾಯಿಲ್ ಎಂದರೆ ಹತ್ತಿಯ ಬತ್ತಿ ಸುತ್ತಿದ ತಂತಿ ಅಥವಾ ಲೋಹದ ಜಾಲರಿ. ಭಾಗಗಳು ಕೂಡುವಲ್ಲೆಲ್ಲ ಸಣ್ಣ ರಬ್ಬರ್ ರಿಂಗುಗಳಿರುತ್ತವೆ. ತೊಳೆಯುವಾಗ ಬಚ್ಚಲಿಗೆ ಬಿದ್ದು ಕಳೆದುಹೋಗುವುದು ಇವೇ, ಆಮೇಲೆ ಸೋರಿಕೆಗೆ ಕಾರಣವಾಗುವುದೂ ಇವೇ. ಬಿಡಿ ರಿಂಗುಗಳ ಪೊಟ್ಟಣವನ್ನು ಎಸೆಯಬೇಡಿ.

ಬತ್ತಿಗೆ ದ್ರವ ತಾಗಿಕೊಂಡೇ ಇದ್ದರೂ ಅದು ಸುರಿದುಹೋಗದೆ ನಿಲ್ಲುವುದು ಹೇಗೆ? ಸ್ಟ್ರಾದ ಮೇಲ್ತುದಿಯನ್ನು ಬೆರಳಿನಿಂದ ಮುಚ್ಚಿ ಎತ್ತಿದರೆ ನೀರು ಇಳಿಯುವುದಿಲ್ಲವಲ್ಲ, ಅದೇ ತತ್ವ. ಮುಚ್ಚಳ ಬಿಗಿಯಾಗಿರುವಾಗ ದ್ರವದ ಮೇಲಿನ ಗಾಳಿಯ ಒತ್ತಡ ಹೊರಗಿನದಕ್ಕಿಂತ ಕಡಿಮೆ ಇರುತ್ತದೆ. ಒಂದು ದಮ್ಮು ಎಳೆದಾಗ ಬತ್ತಿಯಲ್ಲಿದ್ದ ದ್ರವ ಖರ್ಚಾಗಿ, ಅದರ ಜಾಗಕ್ಕೆ ಟ್ಯಾಂಕಿನ ದ್ರವ ಬರುತ್ತದೆ, ಆ ತೆರವಿಗೆ ಗಾಳಿಯ ಗುಳ್ಳೆ ಮೇಲೇರುತ್ತದೆ. ಎಲ್ಲಿಂದಾದರೂ ಗಾಳಿ ನುಸುಳಿ ಈ ಒತ್ತಡ ಕೆಟ್ಟಿತೋ, ದ್ರವ ನೇರ ಗಾಳಿಕಂಡಿಗಳಿಂದ ಹೊರಗಿಳಿಯುತ್ತದೆ.

ಕಾಯಿಲ್ ನೋಡಿ ಟ್ಯಾಂಕ್ ಕೊಳ್ಳಿ

ಗಾಜಿನ ಅಂದ, ಬಣ್ಣ, ಗಾತ್ರ ನೋಡಿ ಕೊಳ್ಳುವುದು ತಲೆಕೆಳಗಾದ ಕ್ರಮ. ಒಂದು ಕಂಪನಿಯ ಕಾಯಿಲ್ ಇನ್ನೊಂದರ ಟ್ಯಾಂಕಿಗೆ ಸಾಮಾನ್ಯವಾಗಿ ಕೂರುವುದಿಲ್ಲ, ಕಾಯಿಲ್ ಸಿಗದ ಟ್ಯಾಂಕ್ ಬರೀ ಗಾಜಿನ ಡಬ್ಬಿ. ಆದ್ದರಿಂದ ಮೊದಲ ಪ್ರಶ್ನೆ, ಬದಲಿ ಕಾಯಿಲ್ ಸುಲಭವಾಗಿ ಸಿಗುತ್ತದೆಯೇ ಎಂಬುದು. ಎರಡನೆಯದು, ನೀವು ಎಳೆಯುವ ಬಗೆ.

ಸಿಗರೇಟಿನಂತೆ ಮೊದಲು ಬಾಯಿಗೆ ತುಂಬಿಕೊಂಡು ಆಮೇಲೆ ಒಳಗೆಳೆಯುವವರಿಗೆ 1 ಓಮ್ ಅಥವಾ ಅದಕ್ಕಿಂತ ಹೆಚ್ಚಿನ ರೋಧದ (ವಿದ್ಯುತ್ ಹರಿವಿಗೆ ಒಡ್ಡುವ ತಡೆಯ) ಕಾಯಿಲ್, ಸಣ್ಣ ಗಾಳಿಕಂಡಿ, 8ರಿಂದ 15 ವ್ಯಾಟ್ ಸಾಕು. ನೇರ ಶ್ವಾಸಕೋಶಕ್ಕೆ ಎಳೆಯುವವರು ಬಳಸುವುದು 0.15ರಿಂದ 0.5 ಓಮ್‌ನ ಕಾಯಿಲ್, ಅಗಲ ಗಾಳಿಕಂಡಿ. ಅಲ್ಲಿ 30 ವ್ಯಾಟ್ ದಾಟಿಯೇ ಆಟ ಶುರು. ಕಾಯಿಲ್‌ನ ಮೈಮೇಲೆ ರೋಧವನ್ನೂ ವ್ಯಾಟ್ ಮಿತಿಯನ್ನೂ ಕೊರೆದಿರುತ್ತಾರೆ. ಆ ಮಿತಿಯ ಕೆಳತುದಿಯಿಂದ ಆರಂಭಿಸಿ ಒಂದೆರಡು ವ್ಯಾಟ್‌ನಂತೆ ಏರಿಸುವುದು ಸರಿಯಾದ ದಾರಿ. ಸಿಗರೇಟು ಬಿಡಲೆಂದು ಬರುವವರಿಗೆ ಮೊದಲ ಬಗೆಯೇ ವಾಸಿ. ದಟ್ಟ ಮೋಡ ಬಿಡುವ ಟ್ಯಾಂಕ್ ದ್ರವವನ್ನೂ ಬ್ಯಾಟರಿಯನ್ನೂ ಕುಡಿದುಹಾಕುತ್ತದೆ. ತೋರಿಕೆ ಬಿಟ್ಟರೆ ಅದರಿಂದ ಹೆಚ್ಚಿನದೇನೂ ಇಲ್ಲ.

ಲೆಕ್ಕ ಹಾಕಿ ನೋಡಿ. 3.7 ವೋಲ್ಟ್ ಬ್ಯಾಟರಿಗೆ 1.2 ಓಮ್ ಕಾಯಿಲ್ ನೇರ ಜೋಡಿಸಿದರೆ ಹರಿಯುವುದು ಸುಮಾರು 3.1 ಆಂಪಿಯರ್, ಶಕ್ತಿ 11.4 ವ್ಯಾಟ್. ಅದೇ ಬ್ಯಾಟರಿಗೆ 0.2 ಓಮ್ ಹಾಕಿದರೆ 18.5 ಆಂಪಿಯರ್, 68 ವ್ಯಾಟ್. ಪೂರ್ತಿ ಚಾರ್ಜಾಗಿ 4.2 ವೋಲ್ಟ್ ಇದ್ದಾಗ ಇದು 21 ಆಂಪಿಯರ್‌ಗೆ ಏರುತ್ತದೆ. ಸತತವಾಗಿ 20 ಆಂಪಿಯರ್ ಕೊಡಬಲ್ಲ ಸೆಲ್‌ಗೂ ಅದು ಮಿತಿಮೀರಿದ ಹೊರೆ. ಶಕ್ತಿಯನ್ನು ತಾನೇ ನಿಯಂತ್ರಿಸುವ ಸರ್ಕ್ಯೂಟ್ ಇಲ್ಲದ ಸಾಧನವನ್ನು ಹೊಸಬರು ಮುಟ್ಟದಿರುವುದೇ ಒಳ್ಳೆಯದು.

ಉಳಿದಂತೆ, ಟ್ಯಾಂಕನ್ನು ಬ್ಯಾಟರಿ ಭಾಗಕ್ಕೆ ಕೂಡಿಸುವ ತಿರುಪು ಬಹುಪಾಲು ‘510’ ಅಳತೆಯದು, ಹೀಗಾಗಿ ಬೇರೆ ಬೇರೆ ಕಂಪನಿಯವೂ ಒಂದಕ್ಕೊಂದು ಕೂರುತ್ತವೆ. ವ್ಯಾಸ ಮಾತ್ರ ಅಳೆದುಕೊಳ್ಳಿ, 22 ಮಿ.ಮೀ. ಸಾಧನದ ಮೇಲೆ 25 ಮಿ.ಮೀ. ಟ್ಯಾಂಕ್ ಅಂಚು ಚಾಚಿಕೊಂಡು ನಿಲ್ಲುತ್ತದೆ. ಪ್ಲಾಸ್ಟಿಕ್‌ಗಿಂತ ಗಾಜು ಮೇಲು. ದಾಲ್ಚಿನ್ನಿ, ನಿಂಬೆ ಜಾತಿಯ ಪರಿಮಳಗಳು ಕೆಲವು ಪ್ಲಾಸ್ಟಿಕ್‌ಗಳನ್ನು ಮಬ್ಬಾಗಿಸಿ ಬಿರುಕು ಬಿಡಿಸುತ್ತವೆ.

ದ್ರವದ ಆಯ್ಕೆ

ಬಾಟಲಿಯ ಮೇಲೆ ಪಿ.ಜಿ., ವಿ.ಜಿ. ಎಂದು ಶೇಕಡಾವಾರು ಬರೆದಿರುತ್ತದೆ. ಪಿ.ಜಿ. ಅಂದರೆ ಪ್ರೊಪಿಲೀನ್ ಗ್ಲೈಕಾಲ್, ತೆಳು. ಪರಿಮಳವನ್ನು ಚೆನ್ನಾಗಿ ಹೊರುತ್ತದೆ, ಗಂಟಲಿಗೆ ತುಸು ಘಾಟು. ವಿ.ಜಿ. ಅಂದರೆ ಸಸ್ಯಮೂಲದ ಗ್ಲಿಸರಿನ್. ಅದಕ್ಕಿಂತ ಹಲವು ಪಟ್ಟು ಮಂದ, ಸಿಹಿ, ಆವಿ ದಟ್ಟ. 1 ಓಮ್ ಮೇಲಿನ ಕಾಯಿಲ್‌ಗಳಲ್ಲಿ ಬತ್ತಿಗೆ ದ್ರವ ಹೋಗುವ ರಂಧ್ರಗಳು ಸಣ್ಣವು. ಅವಕ್ಕೆ 50:50 ಮಿಶ್ರಣ ಸರಿ. ಶೇ 70ರಷ್ಟು ವಿ.ಜಿ. ಇರುವುದನ್ನು ಅವಕ್ಕೆ ಹಾಕಿದರೆ ದ್ರವ ಬತ್ತಿಗೆ ತಲುಪುವ ಮೊದಲೇ ಹತ್ತಿ ಒಣಗಿ ಕರಟುತ್ತದೆ. ಅಗಲ ರಂಧ್ರದ 0.2 ಓಮ್ ಕಾಯಿಲ್‌ಗೆ 50:50 ಹಾಕಿದರೆ ಇದರ ಉಲ್ಟಾ: ಬತ್ತಿ ಮುಳುಗಿ, ತಳದಿಂದ ತೊಟ್ಟಿಕ್ಕುತ್ತದೆ.

ನಿಕೋಟಿನ್ ಪ್ರಮಾಣವೂ ಕಾಯಿಲ್‌ಗೆ ತಕ್ಕಂತೆ ಇರಬೇಕು. ಸಣ್ಣ ದಮ್ಮಿನ ಟ್ಯಾಂಕಿನಲ್ಲಿ ಮಿ.ಲೀ.ಗೆ 12 ಮಿ.ಗ್ರಾಂ ಬಳಸುತ್ತಿದ್ದವರು ಅದನ್ನೇ 60 ವ್ಯಾಟ್ ಟ್ಯಾಂಕಿಗೆ ಸುರಿದರೆ ಪ್ರತಿ ದಮ್ಮಿಗೆ ಒಳಹೋಗುವ ನಿಕೋಟಿನ್ ಹಲವು ಪಟ್ಟು. ತಲೆ ಸುತ್ತು, ವಾಕರಿಕೆ, ಎದೆ ಡವಗುಟ್ಟುವಿಕೆ ಶುರುವಾದರೆ ಕೂಡಲೇ ನಿಲ್ಲಿಸಬೇಕು. ಅಂಥ ಟ್ಯಾಂಕಿಗೆ 3 ಮಿ.ಗ್ರಾಂ ಸಾಮಾನ್ಯ ಪ್ರಮಾಣ. 12ರದ್ದನ್ನು 6ಕ್ಕೆ ಇಳಿಸಲು ಸಮಪ್ರಮಾಣದ ನಿಕೋಟಿನ್ ರಹಿತ ದ್ರವ ಬೆರೆಸಿದರಾಯಿತು.

ಎಣ್ಣೆ ಮಾತ್ರ ಎಂದಿಗೂ ಬೇಡ. ಅಡುಗೆಯದಿರಲಿ, ಸುಗಂಧತೈಲವಿರಲಿ, ವಿಟಮಿನ್ ಇರುವುದೇ ಆಗಲಿ, ಎಣ್ಣೆಯ ಅಂಶ ಶ್ವಾಸಕೋಶಕ್ಕೆ ಹೋಗಬಾರದು. 2019ರಲ್ಲಿ ಅಮೆರಿಕದಲ್ಲಿ ಹಬ್ಬಿದ ಶ್ವಾಸಕೋಶದ ಕಾಯಿಲೆಯಲ್ಲಿ 2020ರ ಫೆಬ್ರುವರಿ ಹೊತ್ತಿಗೆ 2,807 ಪ್ರಕರಣಗಳು ದಾಖಲಾಗಿ 68 ಮಂದಿ ಸತ್ತರು. ಅದಕ್ಕೆ ಬಲವಾಗಿ ತಳುಕು ಹಾಕಿಕೊಂಡದ್ದು ಗಾಂಜಾ ಸಾರದ ದ್ರವಗಳಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆ.

ಹೊಸ ಕಾಯಿಲ್ ಹಾಕಿ ತುಂಬಿಸುವ ಕ್ರಮ

1. ಹೊಸ ಟ್ಯಾಂಕನ್ನು ಬಿಡಿಸಿ, ಕಾಯಿಲ್ ಬಿಟ್ಟು ಉಳಿದದ್ದನ್ನು ಬೆಚ್ಚನೆ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ತಯಾರಿಕೆಯ ಎಣ್ಣೆಪಸೆ ಉಳಿದಿರುತ್ತದೆ.

2. ಕಾಯಿಲ್‌ನ ಪಕ್ಕದಲ್ಲಿ ಹತ್ತಿ ಕಾಣುವ ಪ್ರತಿ ರಂಧ್ರಕ್ಕೂ ಒಂದೊಂದು ಹನಿ, ನಡುವಿನ ತೂತಿಗೆ ಎರಡು ಹನಿ ದ್ರವ ಬಿಡಿ. ಹತ್ತಿ ಬಿಳಿಯಿಂದ ತೇವದ ಬಣ್ಣಕ್ಕೆ ತಿರುಗಬೇಕು. ಇದಕ್ಕಿಂತ ಹೆಚ್ಚಾದರೆ ಆರಂಭದಲ್ಲೇ ಗೊಳಗೊಳ.

3. ಕಾಯಿಲನ್ನು ತಳಕ್ಕೆ ಬೆರಳಲ್ಲಿ ಬಿಗಿಮಾಡಿ. ಇಕ್ಕಳ ಬೇಡ. ಸಡಿಲವಾದರೆ ಸೋರುತ್ತದೆ, ಅತಿ ಬಿಗಿಯಾದರೆ ರಬ್ಬರ್ ರಿಂಗ್ ಹಿಸುಕಿಹೋಗುತ್ತದೆ.

4. ಗಾಳಿಯ ಬಳೆಯನ್ನು ತಿರುಗಿಸಿ ಕಂಡಿಗಳನ್ನು ಮುಚ್ಚಿ. ಮೇಲಿನಿಂದ ತುಂಬಿಸುವ ಟ್ಯಾಂಕ್‌ಗಳಲ್ಲಿ ಬಹಳ ಜನ ಮರೆಯುವ ಹೆಜ್ಜೆ ಇದು. ಮುಚ್ಚಳ ತೆಗೆದ ಕ್ಷಣ ಒಳಗಿನ ಒತ್ತಡ ಸಮನಾಗಿ ದ್ರವ ಕೆಳಗಿಳಿಯತೊಡಗುತ್ತದೆ. ಕಂಡಿ ಮುಚ್ಚಿದ್ದರೆ ತಡೆ ಸಿಗುತ್ತದೆ.

5. ಬಾಟಲಿಯ ತುದಿಯನ್ನು ಗಾಜಿನ ಒಳಗೋಡೆಗೆ ತಾಗಿಸಿ ನಿಧಾನವಾಗಿ ಸುರಿಯಿರಿ. ನಡುವಿನ ನಳಿಗೆಯೊಳಗೆ ಒಂದು ಹನಿಯೂ ಬೀಳಬಾರದು. ಮೇಲೆ ಎರಡು ಮೂರು ಮಿ.ಮೀ. ಜಾಗ ಬಿಡಿ.

6. ಮುಚ್ಚಳ ಹಾಕಿ, ಟ್ಯಾಂಕನ್ನು ತಲೆಕೆಳಗು ಮಾಡಿ ಗಾಳಿಕಂಡಿ ತೆರೆಯಿರಿ, ನೆಟ್ಟಗೆ ನಿಲ್ಲಿಸಿ 10 ನಿಮಿಷ ಬಿಡಿ. ವಿ.ಜಿ. ಹೆಚ್ಚಿದ್ದರೆ ಇನ್ನೂ ಐದು ನಿಮಿಷ.

7. ಬಟನ್ ಒತ್ತದೆ ಎರಡು ಮೂರು ಸಲ ಮೆಲ್ಲಗೆ ಎಳೆಯಿರಿ. ಆಮೇಲೆ ಕಡಿಮೆ ವ್ಯಾಟ್‌ನಲ್ಲಿ ಮೊದಲ ದಮ್ಮು.

ಸಾಧನದ ತೆರೆಯ ಮೇಲೆ ‘ಚೆಕ್ ಆಟಮೈಜರ್’ (ಟ್ಯಾಂಕ್, ಕಾಯಿಲ್ ಪರೀಕ್ಷಿಸಿ) ಎಂದು ಬಂದರೆ ಗಾಬರಿ ಬೇಡ. ಟ್ಯಾಂಕ್ ಬಿಚ್ಚಿ ತಿರುಪಿನ ನಡುವಿನ ಲೋಹದ ಚುಕ್ಕೆಯನ್ನು ಒಣಬಟ್ಟೆಯಲ್ಲಿ ಒರೆಸಿ ಮತ್ತೆ ಕೂಡಿಸಿ. ಅಲ್ಲಿ ದ್ರವ ಜಿನುಗಿ ಸಂಪರ್ಕ ತಪ್ಪಿರುತ್ತದೆ, ಇಲ್ಲವೇ ಕಾಯಿಲ್ ಸಡಿಲವಿರುತ್ತದೆ.

ಗೊಳಗೊಳ, ಸೋರಿಕೆ

ಗೊಳಗೊಳ ಸದ್ದೆಂದರೆ ನಳಿಗೆಯೊಳಗೆ ಆವಿಯಾಗದ ದ್ರವ ನಿಂತಿದೆ. ಮೌತ್‌ಪೀಸ್ ಕೆಳಮುಖ ಮಾಡಿ, ಕೆಳಗೆ ಟಿಶ್ಯೂ ಹಿಡಿದು ಒಮ್ಮೆ ಜಾಡಿಸಿದರೆ ಹೊರಬರುತ್ತದೆ. ಉಳಿದದ್ದನ್ನು ಸುರುಳಿ ಸುತ್ತಿದ ಟಿಶ್ಯೂ ಹೀರಿಕೊಳ್ಳುತ್ತದೆ. ಮರುಕಳಿಸಿದರೆ ಎರಡು ವ್ಯಾಟ್ ಏರಿಸಿ ನೋಡಿ, ಗಟ್ಟಿಯಾಗಿ ಎಳೆಯುವುದನ್ನು ಬಿಡಿ. ಬಿಗಿ ಗಾಳಿಕಂಡಿಯಲ್ಲಿ ಜೋರಾಗಿ ಹೀರಿದರೆ ಬತ್ತಿಗೆ ಬೇಕಾದ್ದಕ್ಕಿಂತ ಹೆಚ್ಚು ದ್ರವ ನುಗ್ಗುತ್ತದೆ.

ಸೋರಿಕೆಗೆ ಈ ಕ್ರಮದಲ್ಲಿ ಹುಡುಕಿ: ಮುಚ್ಚಳ ಅಡ್ಡ ಕೂತಿದೆಯೇ, ರಿಂಗ್ ತಪ್ಪಿದೆಯೇ ಅಥವಾ ಕತ್ತರಿಸಿದೆಯೇ, ಗಾಜಿನ ಅಂಚಿನಲ್ಲಿ ಕೂದಲೆಳೆ ಬಿರುಕಿದೆಯೇ, ಕಾಯಿಲ್ ಸಡಿಲವೇ, ಕಾಯಿಲ್ ಹಳೆಯದೇ. ಬಿಸಿಲಲ್ಲಿ ನಿಂತ ಕಾರಿನೊಳಗೆ ಇಟ್ಟದ್ದು ಸೋರುವುದು ಸಹಜ. ದ್ರವ ತೆಳುವಾಗುತ್ತದೆ, ಒಳಗಿನ ಗಾಳಿ ಹಿಗ್ಗಿ ಅದನ್ನು ತಳ್ಳುತ್ತದೆ. ವಿಮಾನದಲ್ಲೂ ಹೀಗೇ. ಅರ್ಧ ತುಂಬಿದ ಟ್ಯಾಂಕಿನಲ್ಲಿ ಹಿಗ್ಗುವ ಗಾಳಿ ಹೆಚ್ಚಿರುವುದರಿಂದ ಅದೇ ಹೆಚ್ಚು ಸೋರುವುದು. ಪ್ರಯಾಣಕ್ಕೆ ಮುನ್ನ ಖಾಲಿ ಮಾಡಿ.

ಸುಟ್ಟ ರುಚಿ

ಒಂದು ದಮ್ಮಿಗೆ ಸುಟ್ಟ ರುಚಿ ಬಂದರೂ ಅಲ್ಲಿಗೇ ನಿಲ್ಲಿಸಬೇಕು. ಬಾಯಿಗೆ ಕಹಿ ಅನ್ನುವುದಷ್ಟೇ ಅಲ್ಲ, ಒಣಬತ್ತಿ ಅತಿಯಾಗಿ ಕಾದಾಗ ಪಿ.ಜಿ., ವಿ.ಜಿ. ಒಡೆದು ಫಾರ್ಮಾಲ್ಡಿಹೈಡ್‌ನಂಥ ವಿಷಗಳು ಹುಟ್ಟುತ್ತವೆ. ಕಾರಣ ಸಾಮಾನ್ಯವಾಗಿ ಬಿಡುವಿಲ್ಲದ ದಮ್ಮು, ವ್ಯಾಟ್ ಹೆಚ್ಚು, ದ್ರವ ಬತ್ತಿಯ ರಂಧ್ರಕ್ಕಿಂತ ಕೆಳಗಿಳಿದದ್ದು ಅಥವಾ ರಂಧ್ರಕ್ಕೆ ಅಂಟಿ ಕೂತ ಗುಳ್ಳೆ. ಗುಳ್ಳೆಯನ್ನು ಟ್ಯಾಂಕ್ ಓರೆ ಮಾಡಿ ಬೆರಳಿಂದ ತಟ್ಟಿ ಬಿಡಿಸಬಹುದು. ಹತ್ತಿ ಒಮ್ಮೆ ಕರಟಿದರೆ ಮಾತ್ರ ಆ ಕಾಯಿಲ್ ಮುಗಿಯಿತು, ತೊಳೆದರೂ ರುಚಿ ಹೋಗದು. ಸುಕ್ರಲೋಸ್ ಹಾಕಿದ ಸಿಹಿ ದ್ರವಗಳು ತಂತಿಯ ಮೇಲೆ ಕಪ್ಪು ಜಿಡ್ಡಾಗಿ ಕೂತು ಕಾಯಿಲ್ ಆಯುಷ್ಯವನ್ನು ಕೆಲವೇ ದಿನಕ್ಕೆ ಇಳಿಸುತ್ತವೆ. ಸಾದಾ ದ್ರವದಲ್ಲಿ ಒಂದೆರಡು ವಾರ ನಡೆಯುತ್ತದೆ.

ಬ್ಯಾಟರಿ, ಶೇಖರಣೆ

ಬಿಡಿ 18650 ಸೆಲ್ (ಕೊಳವೆಯಾಕಾರದ ಲಿಥಿಯಂ ಬ್ಯಾಟರಿ) ಬಳಸುವುದಾದರೆ ಹೊರ ಹೊದಿಕೆ ಹರಿದದ್ದನ್ನು ಉಪಯೋಗಿಸಬೇಡಿ. ಜೇಬಿನಲ್ಲಿ ಕೀಲಿಗೊಂಚಲು, ನಾಣ್ಯಗಳ ಜೊತೆ ಹಾಕಿಕೊಂಡರೆ ಶಾರ್ಟ್ ಆಗಿ ತೊಡೆ ಸುಟ್ಟುಕೊಳ್ಳಬೇಕಾಗುತ್ತದೆ. ಅದಕ್ಕೆಂದೇ ಸಿಗುವ ಪ್ಲಾಸ್ಟಿಕ್ ಪೆಟ್ಟಿಗೆ ಬಳಸಿ. ವಿಮಾನದಲ್ಲಿ ಇ-ಸಿಗರೇಟನ್ನು ಚೆಕ್-ಇನ್ ಸಾಮಾನಿನಲ್ಲಿ ಇಡುವಂತಿಲ್ಲ, ಒಳಗೆ ಕೂತು ಚಾರ್ಜ್ ಮಾಡುವಂತೆಯೂ ಇಲ್ಲ.

ನಿಕೋಟಿನ್ ಚರ್ಮದ ಮೂಲಕವೂ ಒಳಗಿಳಿಯುತ್ತದೆ. ಕೈಮೇಲೆ ಚೆಲ್ಲಿದರೆ ತಕ್ಷಣ ಸೋಪು ಹಚ್ಚಿ ತೊಳೆಯಿರಿ. ಹಣ್ಣಿನ ಪರಿಮಳದ ಬಣ್ಣದ ಬಾಟಲಿ ಮಕ್ಕಳಿಗೆ ಶರಬತ್ತಿನಂತೆ ಕಾಣುತ್ತದೆ, ಬೀಗ ಹಾಕುವ ಕಪಾಟಿನಲ್ಲಿಡಿ. ಮಗುವಾಗಲಿ ಸಾಕುಪ್ರಾಣಿಯಾಗಲಿ ನುಂಗಿದ್ದರೆ ವಾಂತಿ ಬರಲಿ ಎಂದು ಕಾಯದೆ ಬಾಟಲಿ ಸಮೇತ ವೈದ್ಯರ ಬಳಿಗೆ ಓಡಬೇಕು. ಖಾಲಿ ಬಾಟಲಿಯಲ್ಲೂ, ಬಿಸಾಡುವ ಕಾಯಿಲ್‌ನಲ್ಲೂ ನಿಕೋಟಿನ್ ಉಳಿದಿರುತ್ತದೆ. ಅವನ್ನು ಪೊಟ್ಟಣ ಕಟ್ಟಿ ಹಾಕಿ. ಉಳಿದ ದ್ರವವನ್ನು ಸಿಂಕಿಗೆ ಸುರಿಯದೆ ಅಪಾಯಕಾರಿ ತ್ಯಾಜ್ಯ ಪಡೆಯುವ ಕಡೆಗೆ, ಹಳೆಯ ಸೆಲ್‌ಗಳನ್ನು ಎರಡೂ ತುದಿಗೆ ಟೇಪ್ ಅಂಟಿಸಿ ಬ್ಯಾಟರಿ ಸಂಗ್ರಹಣಾ ಕೇಂದ್ರಕ್ಕೆ ಕೊಡಿ.