‘ಕಾಣಲಿಲ್ಲ’ ಎಂದು ಬರೆಯುವ ಮುನ್ನ: ಬಿಸಿಆರ್-ಎಬಿಎಲ್ ಅಳೆಯುವ ಬಗೆ

ಸಿಎಂಎಲ್ ಎಂಬ ರಕ್ತದ ಕ್ಯಾನ್ಸರಿನಲ್ಲಿ 9 ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿರುತ್ತವೆ. ಗಿಡ್ಡಗಾದ 22ನೇ ಕ್ರೋಮೋಸೋಮನ್ನು ನೋವೆಲ್ ಮತ್ತು ಹಂಗರ್‌ಫರ್ಡ್ ಗುರುತಿಸಿದ್ದು 1960ರಲ್ಲಿ. ಕಳಚಿದ ತುಂಡು 9ಕ್ಕೆ ಹೋಗಿ ಕೂತಿದೆ ಎಂದು ಜಾನೆಟ್ ರೌಲಿ ತೋರಿಸಿದ್ದು 1973ರಲ್ಲಿ. ಇದರಿಂದ 22ರ ಬಿಸಿಆರ್ ಜೀನಿಗೆ 9ರ ಎಬಿಎಲ್ ಜೀನು ಬೆಸೆದು ಬಿಸಿಆರ್-ಎಬಿಎಲ್ ಆಗುತ್ತದೆ. ಹೀಗೆ ಬೆಸೆದ ಜೀನಿನ ಪ್ರೋಟೀನಿನಲ್ಲಿ ಎಬಿಎಲ್‌ಗೆ ಇದ್ದ ಕಡಿವಾಣ ಕಳಚಿರುತ್ತದೆ. ಬಿಸಿಆರ್ ಕಡೆಯ ಸುರುಳಿ ಭಾಗ ಈ ಅಣುಗಳನ್ನು ಗುಂಪುಗೂಡಿಸುತ್ತದೆ, ಅವು ಒಂದಕ್ಕೊಂದು ಫಾಸ್ಫೇಟ್ ಹಚ್ಚುತ್ತವೆ. ಬಿಸಿಆರ್ ಕಡೆಯ 177ನೇ ಅಮೈನೋ ಆಮ್ಲವಾದ ಟೈರೋಸಿನ್‌ಗೆ ಜಿಆರ್‌ಬಿ2 ಎಂಬ ಪ್ರೋಟೀನು ಅಂಟಿ ರಾಸ್ ಸಂಕೇತ ಶುರುವಾಗುತ್ತದೆ. ಬೆಳೆಯಲು ಹೇಳುವ ಆ ಸಂಕೇತ ಮತ್ತೆ ನಿಲ್ಲುವುದಿಲ್ಲ. ಈ ಪ್ರೋಟೀನನ್ನು ತಡೆಯುವ ಇಮಾಟಿನಿಬ್ ಮಾತ್ರೆ ಎಷ್ಟು ಕೆಲಸ ಮಾಡಿದೆ ಎಂದು ತಿಳಿಯಲು ಈ ಬೆಸುಗೆಯ ಆರ್‌ಎನ್‌ಎ ಎಷ್ಟು ಉಳಿದಿದೆ ಎಂದು ಲ್ಯಾಬಿನಲ್ಲಿ ಎಣಿಸುತ್ತೇನೆ.

ನೇರಳೆ ಮುಚ್ಚಳದ ಈಡಿಟಿಎ ಟ್ಯೂಬಿನಲ್ಲಿ 10ರಿಂದ 20 ಮಿ.ಲೀ. ರಕ್ತ ಬೇಕು. ಹೆಪಾರಿನ್ ಟ್ಯೂಬು ಬಂದರೆ ವಾಪಸ್ ಕಳಿಸುತ್ತೇನೆ, ಹೆಪಾರಿನ್ ಪಿಸಿಆರ್ ಅನ್ನೇ, ಅಂದರೆ ಜೀನಿನ ತುಣುಕನ್ನು ಪ್ರತಿ ಮಾಡಿ ಹೆಚ್ಚಿಸುವ ಕ್ರಿಯೆಯನ್ನೇ, ತಡೆಯುತ್ತದೆ. ಕಲಬುರಗಿಯಿಂದ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂದ ರಕ್ತವಾದರೂ ಸರಿ, 24 ಗಂಟೆಯೊಳಗೆ ಕೆಲಸ ಶುರುವಾಗಬೇಕು. ಫ್ರೀಜರಿನಲ್ಲಿಟ್ಟು ಮಂಜುಗಟ್ಟಿಸಿದ ರಕ್ತ ಬೇಡವೇ ಬೇಡ. ಕೋಶಗಳು ಒಡೆದು ಆರ್‌ಎನ್‌ಎ ಹಾಳಾಗಿರುತ್ತದೆ.

ಕೆಂಪು ರಕ್ತಕಣಗಳನ್ನು ಒಡೆಯಲು ರಕ್ತಕ್ಕೆ ಮೂರರಿಂದ ಐದು ಪಟ್ಟು ಅಮೋನಿಯಂ ಕ್ಲೋರೈಡ್ ದ್ರಾವಣ ಸೇರಿಸಿ 10 ನಿಮಿಷ ಐಸಿನ ಮೇಲಿಟ್ಟರೆ, ಮಬ್ಬಾಗಿದ್ದದ್ದು ಆಚೆಬದಿ ಕಾಣುವಷ್ಟು ತಿಳಿಗೆಂಪಾಗುತ್ತದೆ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಮೇಲಿನದ್ದು ಚೆಲ್ಲಿ, ತಳದ ಬಿಳಿ ರಕ್ತಕಣಗಳ ಉಂಡೆ ಬೆಳ್ಳಗಾಗುವವರೆಗೆ ಮತ್ತೆ ಮಾಡುತ್ತೇನೆ. ಒಂದು ಕೋಟಿ ಕೋಶಕ್ಕೆ ಆರ್‌ಎನ್‌ಎ ಬಿಡಿಸುವ ಟ್ರೈಜಾಲ್ ದ್ರಾವಣ 1 ಮಿ.ಲೀ., ಆಮೇಲೆ 200 ಮೈಕ್ರೋಲೀಟರ್ ಕ್ಲೋರೋಫಾರ್ಮ್. 15 ಸೆಕೆಂಡು ಕೈಯಲ್ಲೇ ಕುಲುಕಿ, 3 ನಿಮಿಷ ಬಿಟ್ಟು, 4 ಡಿಗ್ರಿಯಲ್ಲಿ 12,000 ಜಿ ವೇಗಕ್ಕೆ 15 ನಿಮಿಷ. ಕೆಳಗೆ ಗುಲಾಬಿ, ನಡುವೆ ಬಿಳಿ ಪೊರೆ, ಮೇಲೆ ನೀರಿನಂಥ ಪದರ. ಮೇಲಿನದರಲ್ಲಿ 400 ಮೈಕ್ರೋಲೀಟರ್ ಮಾತ್ರ ಎಳೆದು ಉಳಿದದ್ದನ್ನು ಬಿಡುತ್ತೇನೆ. ಆಸೆಪಟ್ಟು ಪೊರೆ ಮುಟ್ಟಿದರೆ ಡಿಎನ್‌ಎ ಬೆರೆಯುತ್ತದೆ. ಐಸೊಪ್ರೊಪನಾಲಿನಿಂದ ಆರ್‌ಎನ್‌ಎ ತಳಕ್ಕಿಳಿಸಿ 75% ಎಥನಾಲಿನಿಂದ ತೊಳೆಯುವ ಹಂತಗಳು ಲ್ಯಾಬಿನವರಿಗೆಲ್ಲ ಗೊತ್ತಿರುವವೇ. ಆರ್‌ಎನ್‌ಎ ಉಂಡೆಯನ್ನು ಒಣಕಲಾಗಲು ಬಿಡಬೇಡಿ, ಕರಗುವುದಿಲ್ಲ. ಶುದ್ಧತೆಯನ್ನು 260, 280, 230 ನ್ಯಾನೊಮೀಟರ್ ಬೆಳಕು ಹೀರುವುದರಿಂದ ನೋಡುತ್ತೇನೆ. 260/280 ಅನುಪಾತ 1.8ರಿಂದ 2 ಇದ್ದರೂ 260/230 ತೀರ ಕಡಿಮೆಯಿದ್ದರೆ ಟ್ರೈಜಾಲಿನ ಗ್ವಾನಿಡಿನ್ ಉಳಿದಿದೆ ಎಂದರ್ಥ, ಮತ್ತೆ ತೊಳೆಯಬೇಕು.

1 ಮೈಕ್ರೋಗ್ರಾಂ ಆರ್‌ಎನ್‌ಎಯಿಂದ 20 ಮೈಕ್ರೋಲೀಟರಿನಲ್ಲಿ ಅದರ ಡಿಎನ್‌ಎ ಪ್ರತಿಯಾದ ಸಿಡಿಎನ್‌ಎ ಮಾಡಿ 50ಕ್ಕೆ ಹಿಗ್ಗಿಸುತ್ತೇನೆ. ಪಿಸಿಆರ್‌ಗೆ ಅದರಲ್ಲಿ 5 ಮೈಕ್ರೋಲೀಟರ್, ಪ್ರತಿ ಮಾಡಬೇಕಾದ ಜಾಗ ಗುರುತಿಸುವ ಪ್ರೈಮರ್ 300 ನ್ಯಾನೊಮೋಲಾರ್, ಪ್ರತಿ ಹೆಚ್ಚಿದಂತೆ ಹೊಳೆಯುವ ಪ್ರೋಬ್ 200, ಒಟ್ಟು 25 ಮೈಕ್ರೋಲೀಟರ್. 95 ಡಿಗ್ರಿ 15 ಸೆಕೆಂಡು, 60 ಡಿಗ್ರಿ 1 ನಿಮಿಷ, 50 ಸುತ್ತು. ಪ್ರತಿಗಳ ಸಂಖ್ಯೆ ಗೊತ್ತಿರುವ ಮಾದರಿಗಳಿಂದ ಎಳೆದ ಸ್ಟ್ಯಾಂಡರ್ಡ್ ಗೆರೆಯ ಇಳಿಜಾರು -3.3ರ ಆಸುಪಾಸಿನಲ್ಲಿರಲಿ. ಮಾದರಿಯ ಬದಲು ಬರೀ ನೀರು ಹಾಕಿದ ಪ್ಲೇಟಿನ ಗುಳಿಯಲ್ಲೂ ಹೊಳಪಿನ ಗೆರೆ ಎದ್ದರೆ ಇಡೀ ಪ್ಲೇಟನ್ನು ಬಿಸಾಡಿ.

ಮಾದರಿ ಎಷ್ಟು ಸಿಕ್ಕಿದೆ ಎಂದು ತಿಳಿಯಲು ಹೋಲಿಕೆಗೆ ಎಬಿಎಲ್ ಜೀನಿನ ಪ್ರತಿಗಳನ್ನೂ ಎಣಿಸುತ್ತೇನೆ. ಲೆಕ್ಕ ಹೀಗೆ: ಬಿಸಿಆರ್-ಎಬಿಎಲ್ 6 ಪ್ರತಿ, ಎಬಿಎಲ್ 12,000 ಪ್ರತಿ ಇದ್ದರೆ 0.05%. ಬೇರೆ ಲ್ಯಾಬುಗಳ ಫಲಿತಾಂಶಕ್ಕೆ ಹೊಂದಿಸಲು ಗುಣಿಸುವ ಲ್ಯಾಬಿನ ಪರಿವರ್ತನಾಂಕ 0.8 ಆದರೆ ಅಂತಾರಾಷ್ಟ್ರೀಯ ಮಾಪಕದಲ್ಲಿ 0.04%. 0.1% ಅಥವಾ ಅದಕ್ಕಿಂತ ಕೆಳಗಿದ್ದರೆ ಮಾತ್ರೆ ಚೆನ್ನಾಗಿ ಹಿಡಿದಿದೆ. ಈಗ ಬಿಸಿಆರ್-ಎಬಿಎಲ್ ಸೊನ್ನೆ, ಎಬಿಎಲ್ 2,000 ಮಾತ್ರ ಅಂದುಕೊಳ್ಳಿ. ಇದನ್ನು ‘ಕಾಣಲಿಲ್ಲ’ ಎಂದು ಬರೆಯುವುದು ತಪ್ಪು, ಹುಡುಕಿದ ಜಾಗವೇ ಸಾಲದು. ಸೊನ್ನೆ ಬಂದಾಗ ಎಂಆರ್4 (0.01% ಅಥವಾ ಕಡಿಮೆ) ಎನ್ನಲು ಕನಿಷ್ಠ 10,000 ಎಬಿಎಲ್ ಪ್ರತಿ, ಎಂಆರ್4.5 (0.0032% ಅಥವಾ ಕಡಿಮೆ) ಎನ್ನಲು 32,000 ಬೇಕು. ಮಾತ್ರೆ ನಿಲ್ಲಿಸಿ ನೋಡುವ ನಿರ್ಧಾರ ಈ ಸಾಲಿನ ಮೇಲೇ ನಿಲ್ಲುತ್ತದೆ. ಹಾಗಾಗಿ ಎಬಿಎಲ್ ಸಂಖ್ಯೆಯನ್ನು ವರದಿಯಲ್ಲಿ ಅಚ್ಚು ಹಾಕಿಸುತ್ತೇನೆ. ಸಾಲದಿದ್ದರೆ ಹೊಸ ರಕ್ತ ಕೇಳುತ್ತೇನೆ.

ಇನ್ನೊಂದು ಸುಳ್ಳು ಸೊನ್ನೆ ಪ್ರೈಮರಿನಿಂದ ಬರುತ್ತದೆ. ಎರಡು ಜೀನುಗಳು ಎಲ್ಲಿ ಬೆಸೆದಿವೆ ಎಂಬುದು ರೋಗಿಯಿಂದ ರೋಗಿಗೆ ಬೇರೆ. ಸಾಮಾನ್ಯ ಪ್ರೈಮರುಗಳು ಇ13ಎ2, ಇ14ಎ2 ಎಂಬ ಬೆಸುಗೆಗಳನ್ನಷ್ಟೇ ಹಿಡಿಯುತ್ತವೆ. ಇ1ಎ2, ಇ19ಎ2 ಇರುವವರಲ್ಲಿ ರೋಗ ತುಂಬಿದ್ದರೂ ಗೆರೆ ಏಳುವುದಿಲ್ಲ. ಅದಕ್ಕೇ ರೋಗ ಪತ್ತೆಯಾದಾಗಿನ ವರದಿಯಲ್ಲಿ ಯಾವ ಬೆಸುಗೆ ಎಂದು ಬರೆದಿದೆಯೋ ನೋಡದೆ ನಾನು ಪ್ಲೇಟು ಹಾಕುವುದಿಲ್ಲ.