ಹೂವಿಗೆ ಕಾಯದೆ ಗಿಡ ಗುರುತಿಸಿದೆ: ಬಾಕ್ಸ್ ಹಿಲ್‌ನಲ್ಲಿ ನನ್ನ ಅನುಭವ

"ಹೂವೇ ಇಲ್ಲದ ಗಿಡಕ್ಕೆ ಹೆಸರು ಹೇಳೋಕಾಗುತ್ತಾ?" ಅಂತ ನಮ್ಮ ವಾಕಿಂಗ್ ಗುಂಪಿನ ಹಿರಿಯರೊಬ್ಬರು ಕೇಳಿದ್ದರು. ಈ ಏಪ್ರಿಲ್‌ನಲ್ಲಿ ಅವರ ಎದುರಿಗೇ, ಇಂಗ್ಲೆಂಡಿನ ಸರ್ರೆಯ ಸೀಮೆಸುಣ್ಣದ (ಚಾಕ್) ಗುಡ್ಡ ಬಾಕ್ಸ್ ಹಿಲ್‌ನ ಇಳಿಜಾರಿನಲ್ಲಿ ಮಂಡಿಯೂರಿ ಕೂತು, ಬರೀ ಎಲೆ ನೋಡಿ ಹನ್ನೊಂದು ಹೆಸರು ಹೇಳಿದೆ. ಹೂ ಬಂದ ಮೇಲೆ ನೋಡಿದರೆ ಹತ್ತು ಸರಿ. ಖುಷಿಯಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಗಿಡ ಗುರುತಿಸೋಕೆ ಶುರು ಮಾಡಿದ ಮೊದಲ ಎರಡು ವರ್ಷ ದುಡ್ಡೂ ಹೋಯಿತು, ಭಾನುವಾರಗಳೂ ಹೋದವು. ಮ್ಯಾಕ್ರೋ ಲೆನ್ಸ್‌ಗೆ ಸುಮಾರು 280 ಪೌಂಡ್ ಕೊಟ್ಟು, ಆಮೇಲೆ 150ಕ್ಕೆ ಮಾರಿದೆ. ಗಿಡ ಗುರುತಿಸುವ ಆ್ಯಪ್‌ಗೆ ವರ್ಷಕ್ಕೆ ಇಪ್ಪತ್ತೈದೋ ಮೂವತ್ತೋ ಪೌಂಡ್. ಫೋಟೋಗಳೆಲ್ಲ ಹೂವಿನ ಮುಖದ್ದೇ, ಎಲೆ ಇಲ್ಲ, ಕಾಂಡ ಇಲ್ಲ, ಕಾಯಿ ಇಲ್ಲ. ಹಾರ್ಸ್‌ಶೂ ವೆಚ್ ಅನ್ನುವ ಗಿಡ ಅಂತ ಬರೆದಿಟ್ಟ ನಲವತ್ತು ಚಿಲ್ಲರೆ ಫೋಟೋಗಳಲ್ಲಿ ಅರ್ಧಕ್ಕರ್ಧ ಬರ್ಡ್ಸ್‌ಫೂಟ್ ಟ್ರೆಫಾಯಿಲ್ ಅನ್ನುವ ಬೇರೆ ಗಿಡ! ಎರಡೂ ಹಳದಿ, ಎರಡೂ ನಮ್ಮ ಅವರೆ ಹೂವಿನ ಆಕಾರ. ಎಲೆ ನೋಡಿದ್ದರೆ ಅರ್ಧ ನಿಮಿಷದ ಕೆಲಸ. ಟ್ರೆಫಾಯಿಲ್‌ಗೆ ಐದೇ ಕಿರುಎಲೆ, ವೆಚ್‌ಗೆ ಹುಣಸೆ ಎಲೆಯ ಹಾಗೆ ಜೋಡಿ ಜೋಡಿ, ತುದಿಗೆ ಒಂದು ಒಂಟಿ.

ಆಮೇಲೆ ಗುಡ್ಡ ಸುತ್ತುವುದನ್ನೇ ಬಿಟ್ಟೆ. ಹಳದಿ ಇರುವೆಗಳು ಕಟ್ಟಿದ, ಹುಲ್ಲು ಮುಚ್ಚಿದ ದಿಬ್ಬ ಒಂದನ್ನು ಗುರುತು ಇಟ್ಟುಕೊಂಡೆ. ಅದು ವರ್ಷಗಟ್ಟಲೆ ಕದಲುವುದಿಲ್ಲ, ಗೂಟ ಹೊಡೆಯುವ ಗೋಜಿಲ್ಲ. ಪಕ್ಕದಲ್ಲಿ 4 ಮೀಟರ್ ದಾರವನ್ನು ಚೌಕವಾಗಿ ಹಾಸಿ, ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ಎರಡು ವಾರಕ್ಕೊಮ್ಮೆ ಅದೇ ಒಂದು ಚದರ ಮೀಟರ್ ನೋಡಿದೆ. ಒಳ್ಳೆಯ ಸೀಮೆಸುಣ್ಣದ ಹುಲ್ಲುಗಾವಲಲ್ಲಿ ಅಷ್ಟು ಜಾಗದಲ್ಲೇ 40 ಜಾತಿಯ ಗಿಡಗಳ ತನಕ ಇರುತ್ತವೆ. ನನ್ನ ಚೌಕದಲ್ಲಿ ಮೊದಲ ವರ್ಷ 17 ಸಿಕ್ಕವು, ಈಗ 31 ಅಥವಾ 32. ಗಿಡ ಜಾಸ್ತಿ ಆಗಿಲ್ಲ, ಕಣ್ಣು ಪಳಗಿದೆ. ಮೊಳಕೆಯಿಂದ ಬೀಜದ ತನಕ ಒಂದೇ ಗಿಡವನ್ನು ನೋಡಿದವರಿಗೆ ಹೂವಿನ ಹಂಗಿಲ್ಲ.

ಕೊನೆಗೆ ಕೆಲಸಕ್ಕೆ ಬಂದದ್ದು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ 12 ಪೌಂಡಿನ ಕೈ ಲೆನ್ಸ್ ಮತ್ತು ಊರಿನ ಹಿತ್ತಲಿನ ನೆನಪು. ಥೈಮ್ ಕಾಂಡ ಬೆರಳಲ್ಲಿ ಹೊರಳಿಸಿದರೆ ತುಳಸಿಯ ಹಾಗೆ ಚೌಕ. ಕೂದಲು ನಾಲ್ಕು ಮೂಲೆಗಳ ಮೇಲೆ ಮಾತ್ರ ಇದ್ದರೆ ಲಾರ್ಜ್ ಥೈಮ್, ಎದುರುಬದುರಿನ ಎರಡು ಮುಖಗಳ ಮೇಲಿದ್ದರೆ ವೈಲ್ಡ್ ಥೈಮ್. ಸಲಾಡ್ ಬರ್ನೆಟ್ ಎಲೆ ಹಿಸುಕಿದರೆ ಸೌತೆಕಾಯಿ ವಾಸನೆ, ರಾಮನವಮಿಯ ಕೋಸಂಬರಿಯೇ ನೆನಪಾಗುತ್ತದೆ. ಕಿರುಹೂಗಳೇ ಒಟ್ಟಾಗಿ ಒಂದು ಚೆಂಡಾಗಿರುವ ಸ್ಕೇಬಿಯಸ್‌ಗಳಲ್ಲಿ ಬಣ್ಣ ನಂಬಬೇಡಿ, ಹೂ ಬಂದಾಗ ಒಂದು ಕಿರುಹೂವಿನ ಸೀಳು ಎಣಿಸಿ. ಐದಿದ್ದರೆ ಸ್ಮಾಲ್. ನಾಲ್ಕಿದ್ದು ಅಂಚಿನ ಹೂಗಳು ದೊಡ್ಡವಾದರೆ ಫೀಲ್ಡ್, ಎಲ್ಲವೂ ಒಂದೇ ಅಳತೆಯಾದರೆ ಡೆವಿಲ್ಸ್‌ಬಿಟ್. ಬೇರು ಮಾತ್ರ ಕೀಳಬೇಡಿ, ಜಾಗದ ಮಾಲೀಕರ ಒಪ್ಪಿಗೆ ಇಲ್ಲದೆ ಕಿತ್ತರೆ ಬ್ರಿಟನ್ನಿನ 1981ರ ವನ್ಯಜೀವಿ ಕಾನೂನಿನ ಪ್ರಕಾರ ತಪ್ಪು.

ನಡುವೆ, ಮಣ್ಣಲ್ಲಿ ಸೀಮೆಸುಣ್ಣ ಇದೆಯಾ ಅಂತ ನೋಡಲು ಇನ್ನೊಂದು ಪ್ರಯೋಗ ಮಾಡಿದೆ, ಸುಣ್ಣ ಇದ್ದರೆ ವಿನೆಗರ್ ನೊರೆಯುತ್ತದೆ. ಅಡುಗೆಮನೆಯ ವಿನೆಗರ್ ಸಣ್ಣ ಬಾಟಲಿಯಲ್ಲಿ ಒಯ್ದು, ಚಿಟಿಕೆ ಮಣ್ಣನ್ನು ಮುಚ್ಚಳಕ್ಕೆ ಹಾಕಿ ಎರಡು ಹನಿ ಬಿಟ್ಟೆ. ಇಳಿಜಾರಿನ ಮಣ್ಣು ಬುಸ್ ಅಂತ ನೊರೆ ಬಂತು. ನೆತ್ತಿಯ ಮೇಲೆ, ಚಾಕ್ ಮೇಲೆ ಜೇಡಿ ಕೂತಿರುವ ಕಡೆ, ಏನೂ ಇಲ್ಲ. ನೊರೆ ಬರದ ಕಡೆ ಸಿಕ್ಕ ಗಿಡಕ್ಕೆ ಚಾಕ್ ಮಣ್ಣಿನ ಗಿಡಗಳ ಪಟ್ಟಿ ಹಿಡಿದು ಕೂತರೆ ದಾರಿ ತಪ್ಪುತ್ತದೆ, ನಾನು ಒಂದಿಡೀ ಜೂನ್ ಹಾಗೇ ಕಳೆದಿದ್ದೆ.

ಹುಲ್ಲುಗಳಿಗೆ ನನ್ನದೇ ಒಂದು ಉಪಾಯ ಇದೆ, ಇನ್ನೊಂದು ಬೇಸಿಗೆ ಪರೀಕ್ಷೆ ಮಾಡುವ ತನಕ ಹೇಳುವುದಿಲ್ಲ. ಇರುವೆ ದಿಬ್ಬ ಎಲ್ಲಿದೆ ಅನ್ನುವುದನ್ನೂ ಕೇಳಬೇಡಿ, ಅದರ ಪಕ್ಕ ಎರಡು ಬೀ ಆರ್ಕಿಡ್ (ದುಂಬಿಯ ಹಾಗೆ ಕಾಣುವ ಹೂವಿನ ಗಿಡ) ಇವೆ. ಏಪ್ರಿಲ್‌ನಲ್ಲಿ ತಪ್ಪಿದ ಆ ಹನ್ನೊಂದನೆಯದು ರಫ್ ಹಾಕ್‌ಬಿಟ್ ಅನ್ನುವ ಗಿಡ. ಎಲೆಯ ಕೂದಲಿನ ತುದಿ ಕವಲೊಡೆದಿದೆಯಾ ಅಂತ ಲೆನ್ಸ್ ಹಿಡಿದು ನೋಡಬೇಕಿತ್ತು, ಹಿರಿಯರು ಎದುರಿಗೆ ನಿಂತಿದ್ದ ಗಡಿಬಿಡಿಯಲ್ಲಿ ನೋಡಲಿಲ್ಲ.