ಹರಡುವ, ಹರಡಲ್ಪಟ್ಟ, ಹರಡಿಕೊಂಡ

ನಮ್ಮ ಕಾಲೇಜಿನ ಔಷಧಿ ವನಕ್ಕೆ ಹೆಸರಿನ ಫಲಕ ಬರೆಯುವ ಕೆಲಸವನ್ನು ನಾನೇ ಕೇಳಿ ವಹಿಸಿಕೊಂಡೆ. ಲ್ಯಾಟಿನ್ ಹೆಸರಿನ ಕೆಳಗೆ ಅದರ ಅರ್ಥ ಕನ್ನಡದಲ್ಲಿ ಇರಲೇಬೇಕೆಂಬುದು ನನ್ನ ಹಟ. ಮೊದಲು ಎದುರಾದದ್ದು ಕೊಮ್ಮೆ, ಅಂದರೆ ಪುನರ್ನವ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಅದನ್ನು ಬೋರ್ಹಾವಿಯಾ ಡಿಫ್ಯೂಸಾ ಎಂದು ಕರೆದ. ನಾನು ಹಿಂದೆಮುಂದೆ ನೋಡದೆ ‘ಹರಡುವ’ ಎಂದು ಬರೆದೆ.

ಅದು ತಪ್ಪು. ಸುತ್ತಲೂ ಸುರಿ, ಚೆಲ್ಲು ಎಂಬ ಅರ್ಥದ ಡಿಫಂಡೆರೆ ಕ್ರಿಯಾಪದದ ಭೂತ ಕೃದಂತ, ಅಂದರೆ ಕ್ರಿಯಾಪದದಿಂದ ಹುಟ್ಟಿ ವಿಶೇಷಣದಂತೆ ನಿಲ್ಲುವ ರೂಪ, ಡಿಫ್ಯೂಸಸ್. ಸಸ್ಯದ ಕುಲನಾಮವಾದ ಬೋರ್ಹಾವಿಯಾ, ಬೋರ್ಹಾವೆ ಎಂಬ ಡಚ್ ವೈದ್ಯನ ನೆನಪಿನದಾದರೂ ವ್ಯಾಕರಣದಲ್ಲಿ ಸ್ತ್ರೀಲಿಂಗ, ಆದ್ದರಿಂದ ಡಿಫ್ಯೂಸಾ. ಕೆಲಸ ಮುಗಿದಿದೆ ಎಂಬುದನ್ನೂ ಅದು ಕರ್ಮಣಿ, ಅಂದರೆ ಬೇರೆಯವರಿಂದ ಆದದ್ದು, ಎಂಬುದನ್ನೂ ಈ ಒಂದೇ ರೂಪ ಹೇಳುತ್ತದೆ. ನಮ್ಮ ಕೃದಂತ ಹಾಗಲ್ಲ. ‘ಕಡಿದ ಹಾವು’ ಎಂದರೆ ಕಡಿದದ್ದು ಹಾವು. ‘ಕಡಿದ ಮರ’ ಎಂದರೆ ಕೊಡಲಿಪೆಟ್ಟು ತಿಂದದ್ದು ಮರ. ರೂಪ ಒಂದೇ, ಯಾರು ಮಾಡಿದರು ಎಂಬುದನ್ನು ನಾವೇ ತಿಳಿದುಕೊಳ್ಳಬೇಕು.

ಹಾಗಾಗಿ ‘ಹರಡಲ್ಪಟ್ಟ’ ಎಂದು ತಿದ್ದಿದೆ. ವ್ಯಾಕರಣ ಸರಿಹೋಯಿತು, ಮನಸ್ಸು ಒಪ್ಪಲಿಲ್ಲ. ಗಿಡದ ಬಳಿ ಹೋಗಿ ಕುಕ್ಕರುಗಾಲಲ್ಲಿ ಕುಳಿತೆ. ಒಂದೇ ಬುಡದಿಂದ ಹೊರಟ ಕೆಂಪು ಛಾಯೆಯ ಕಾಂಡಗಳು ಜಲ್ಲಿಕಲ್ಲಿನ ಮೇಲೆ ಎಲ್ಲ ದಿಕ್ಕಿಗೂ ಮಲಗಿದ್ದವು. ತುದಿಗಳು ಮಾತ್ರ ತುಸು ಮೇಲೆದ್ದಿದ್ದವು. ಇದನ್ನು ಯಾರೂ ಹರಡಿಲ್ಲ. ಕೃದಂತ ವಿಶೇಷಣವಾದಾಗ ಮಾಡಿದವನು ಮರೆಯಾಗಿ, ಆದ ಸ್ಥಿತಿಯಷ್ಟೇ ಉಳಿಯುತ್ತದೆ. ಡಾಕ್ಟಸ್ ಎಂದರೆ ಅಕ್ಷರಶಃ ‘ಕಲಿಸಲ್ಪಟ್ಟವನು’, ಆದರೆ ರೋಮನ್ನರ ಕಿವಿಗೆ ಅದು ‘ವಿದ್ವಾಂಸ’. ಡಾಕ್ಟಿಯರ್ ಎಂದರೆ ಅವನಿಗಿಂತ ಹೆಚ್ಚಿನ ವಿದ್ವಾಂಸ. ನಾವೂ ‘ಕಲಿತವನು’ ಎನ್ನುತ್ತೇವೆ, ಯಾರು ಕಲಿಸಿದರೆಂದು ಕೇಳುವುದಿಲ್ಲ. ಕೊನೆಗೆ ಬರೆದದ್ದು: ‘ನೆಲದ ಮೇಲೆ ಹರಡಿಕೊಂಡ’. ಆ ‘ಕೊಂಡ’ ಎಷ್ಟು ದೊಡ್ಡ ಕೆಲಸ ಮಾಡುತ್ತದೆಂದು ಅಂದೇ ನನಗೆ ತಿಳಿದದ್ದು.

ಗರುಗದ ಎಕ್ಲಿಪ್ಟಾ ಪ್ರಾಸ್ಟ್ರೇಟಾ ಬೇಗ ಮುಗಿಯಿತು. ಪ್ರಾಸ್ಟ್ರೇಟಾದೊಳಗಿನ ಕ್ರಿಯಾಧಾತುವೂ ನಮ್ಮ ‘ವಿಸ್ತೃತ’ದ ಧಾತುವೂ ಒಂದೇ ಮೂಲದವು. ‘ನೆಲಕ್ಕೆ ಒರಗಿದ’ ಎಂದೆ.

ನಸುಗುನ್ನಿ ಮಾತ್ರ ಕಾಡಿತು. ಮ್ಯುಕ್ಯೂನಾ ಪ್ರೂರಿಯೆನ್ಸ್‌ನದು ವರ್ತಮಾನ ಕೃದಂತ. ಪ್ರಥಮಾ ಏಕವಚನದಲ್ಲಿ ಮೂರು ಲಿಂಗಕ್ಕೂ ಅದೇ ರೂಪ. ಪ್ರೂರಿರೆ ಎಂದರೆ ನವೆಯಾಗು, ತುರಿಸು. ವ್ಯಾಕರಣದ ಪ್ರಕಾರ ನವೆ ಬಳ್ಳಿಗೇ! ತುರಿಸುವುದು ಮುಟ್ಟಿದವರ ಮೈ, ಕಾಯಿಯ ಮೇಲಿನ ಕಂದು ರೋಮಗಳಿಂದ. ಇಲ್ಲಿ ಮಾತ್ರ ವ್ಯಾಕರಣ ಬಿಟ್ಟು ‘ನವೆ ಎಬ್ಬಿಸುವ’ ಎಂದು ಬರೆದೆ. ಓದಲು ಬಂದವರು ಕಾಯಿ ಮುಟ್ಟದಿರಲೆಂದು ಆ ಫಲಕವನ್ನು ಬಳ್ಳಿಯಿಂದ ಒಂದು ಮಾರು ಈಚೆಗೆ ನೆಡಿಸಿದ್ದೇನೆ.